ಇಬ್ನ್ ಬತೂತ ಹೊನ್ನಾವರದಲ್ಲಿ ಉಂಡ ಊಟ, ಅವನು ಕಂಡ ದೂರದ ದೇಶಗಳು: ಎಷ್ಟು ನಂಬಬಹುದು?

ಶರಾವತಿ ತೀರ:

ಬಹಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ನಮ್ಮೂರು ಹೊನ್ನಾವರ. ಮೊರೊಕ್ಕೊದ ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದ ಇಬ್ನ್ ಬತೂತ, 1325ರಲ್ಲಿ ಮೆಕ್ಕಾ ಯಾತ್ರೆಗೆ ಅಂತ ಒಬ್ಬನೇ ಮನೆ ಬಿಟ್ಟ. ಈಜಿಪ್ಟು, ಅರೇಬಿಯಾ, ಪರ್ಷಿಯಾ, ಆಫ್ರಿಕಾದ ಪೂರ್ವ ಕರಾವಳಿ ಎಲ್ಲ ಸುತ್ತಿ 1333ರಲ್ಲಿ ಸಿಂಧೂ ನದಿ ದಾಟಿದ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಕೆಳಗೆ ಖಾಜಿಯಾಗಿ, ಅಂದರೆ ನ್ಯಾಯಾಧೀಶನಾಗಿ, ವರ್ಷಗಟ್ಟಲೆ ಇದ್ದ. ಆಮೇಲೆ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ ನಮ್ಮೂರಿಗೂ ಬಂದ. ಅವನ ಬಾಯಲ್ಲಿ ನಮ್ಮೂರು 'ಹಿನೌರ್'.

ಶಾಲೆಯಲ್ಲಿ ನಮಗೆ ಅವನ ಹೆಸರು ತುಘಲಕನ ಪಾಠದಲ್ಲಿ ಒಂದು ಸಾಲು ಬಂದಿತ್ತು, ಅಷ್ಟೇ. ನಮ್ಮೂರಲ್ಲಿ ಊಟ ಮಾಡಿದ್ದನ್ನು ಬರೆದಿದ್ದಾನೆ ಅಂತ ಯಾರೂ ಹೇಳಲಿಲ್ಲ.

ಆ ಊಟ ಕೇಳಿ. ಅಲ್ಲಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಜೊತೆ ಕೂತಿದ್ದಾನೆ. ರೇಷ್ಮೆ ಸುತ್ತಿಕೊಂಡ ಒಬ್ಬ ದಾಸಿ ಅಡುಗೆಯ ಪಾತ್ರೆಗಳನ್ನು ತಂದಿಡುತ್ತಾಳೆ. ದೊಡ್ಡ ತಾಮ್ರದ ಸೌಟಿನಲ್ಲಿ ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಉಪ್ಪಿನಕಾಯಿ: ಮೆಣಸಿನದ್ದು, ಹಸಿಶುಂಠಿಯದ್ದು, ನಿಂಬೆಯದ್ದು, ಮಾವಿನದ್ದು. ಒಂದು ತುತ್ತು ಅನ್ನ, ಅದರ ಹಿಂದೆ ಸ್ವಲ್ಪ ಉಪ್ಪಿನಕಾಯಿ. ಆ ಅನ್ನ ಮುಗಿದರೆ ಮತ್ತೊಂದು ಸೌಟು ಅನ್ನ, ಜೊತೆಗೆ ಕೋಳಿ. ಮತ್ತೆ ಅನ್ನ, ಇನ್ನೊಂದು ಬಗೆಯ ಕೋಳಿ. ಆಮೇಲೆ ಮೀನು, ಆಮೇಲೆ ತುಪ್ಪ ಹಾಲು ಹಾಕಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತು ಅಂದರೆ ಇನ್ನೇನೂ ಬರುವುದಿಲ್ಲ ಅಂತ ತಿಳಿಯಬೇಕು ಅಂತಾನೆ. ಮಳೆಗಾಲದಲ್ಲಿ ತಣ್ಣೀರು ಆಗುವುದಿಲ್ಲ ಅಂತ ಊಟದ ಮೇಲೆ ಕುಡಿಯುವುದು ಬಿಸಿನೀರು.

ಇದನ್ನು ಓದಿದಾಗ ನನಗೆ ಮೈ ಜುಮ್ ಅಂದಿತು. ಸುಮಾರು 680 ವರ್ಷದ ಹಿಂದಿನ ಊಟ. ಇವತ್ತಿಗೂ ಯಾವ ಪಂಕ್ತಿಯಲ್ಲಿ ಕೂತರೂ ಮಜ್ಜಿಗೆ, ಮೊಸರು ಬಂತು ಅಂದರೆ ಏಳುವ ಹೊತ್ತು ಅಂತಲೇ ಅರ್ಥ ಅಲ್ವಾ? ಇಂಥ ಸಣ್ಣ ವಿಷಯವನ್ನು ಸುಮ್ನೆ ಕಲ್ಪಿಸಿ ಬರೆಯಲು ಯಾರಿಗೂ ಆಗುವುದಿಲ್ಲ. ಆದರೆ ಇದೇ ಮನುಷ್ಯ ಕಡಲಿನ ಮೇಲೆ ರುಖ್ ಅನ್ನೋ ದೈತ್ಯ ಹಕ್ಕಿಯ ಕಥೆಯನ್ನೂ ಹೇಳುತ್ತಾನೆ. ಅವನನ್ನು ಎಲ್ಲಿ ನಂಬಬೇಕು, ಎಲ್ಲಿ ಬೇಡ? ಓದಿದವರು ದಯವಿಟ್ಟು ಹೇಳಿ.

ಹಳೇ ನಕ್ಷೆ:

ಊಟದ ಭಾಗ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸ್ವಲ್ಪ ಹುಷಾರಾಗಿ ಓದಿ ಸರ್. ಈ ಪುಸ್ತಕವನ್ನು ಅವನು ದಾರಿಯಲ್ಲಿ ದಿನಚರಿಯ ಹಾಗೆ ಬರೆದದ್ದಲ್ಲ. ಊರಿಗೆ ವಾಪಸು ಹೋದ ಮೇಲೆ, ಅಲ್ಲಿನ ಸುಲ್ತಾನನ ಅಪ್ಪಣೆಯಂತೆ, ಫೆಸ್ ನಗರದಲ್ಲಿ ಇಬ್ನ್ ಜುಝಯ್ ಅನ್ನೋ ಬರಹಗಾರನಿಗೆ ಹೇಳಿ ಬರೆಸಿದ್ದು. ಮುಗಿದದ್ದು 1355ರ ಡಿಸೆಂಬರ್‌ನಲ್ಲಿ. ಅಂದರೆ ಮನೆ ಬಿಟ್ಟು 30 ವರ್ಷ ಆಗಿತ್ತು.

ಆ ಬರಹಗಾರ ಸುಮ್ನೆ ಕೂತು ಕೇಳಿದ್ದನ್ನಷ್ಟೇ ಬರೆದುಕೊಂಡವನೂ ಅಲ್ಲ. ಡಮಾಸ್ಕಸ್, ಮೆಕ್ಕಾ ಮದೀನಾದ ವರ್ಣನೆಗಳಲ್ಲಿ ಎಷ್ಟೋ ಭಾಗ ಇಬ್ನ್ ಜುಬೈರ್ ಅನ್ನೋ ಹಿಂದಿನ ಪ್ರವಾಸಿಯಿಂದ ಎತ್ತಿದ್ದು. ಆತ ಓಡಾಡಿದ್ದು 1183ರಿಂದ 1185ರವರೆಗೆ. ವೋಲ್ಗಾ ನದಿಯ ಕಡೆಯ ಬುಲ್ಗಾರ್‌ಗೆ ಹೋಗಿಬಂದೆ ಅಂತ ಇಬ್ನ್ ಬತೂತ ಹೇಳುವ ದಿನಗಳ ಲೆಕ್ಕ ಆ ದೂರಕ್ಕೆ ಏನು ಮಾಡಿದರೂ ಕೂಡುವುದಿಲ್ಲ. ಚೀನಾದ ಒಳಗೆ ಬೀಜಿಂಗ್‌ವರೆಗೆ ಹೋದದ್ದನ್ನೂ ಅನೇಕ ಇತಿಹಾಸಕಾರರು ಅನುಮಾನದಿಂದಲೇ ನೋಡುತ್ತಾರೆ. ಒಂದು ಕಡೆ ಸುಳ್ಳು ಸಿಕ್ಕಿದರೆ ಉಳಿದದ್ದನ್ನು ಹೇಗೆ ನಂಬುವುದು?

ಶರಾವತಿ ತೀರ:

ನೀವು ಹೇಳಿದ್ದು ಎಲ್ಲ ಸರಿ. ನಾನು ಅದಕ್ಕೆ ಎದುರು ವಾದ ಮಾಡುತ್ತಿಲ್ಲ. ಆದರೆ ಅವನ ಮಾತಿನ ರೀತಿಯನ್ನು ಗಮನಿಸಿ. ರುಖ್ ಹಕ್ಕಿಯನ್ನೇ ತೆಗೆದುಕೊಳ್ಳಿ. ಚೀನಾದಿಂದ ವಾಪಸು ಬರುವಾಗ ಕಡಲಿನಲ್ಲಿ ಇದ್ದಕ್ಕಿದ್ದ ಹಾಗೆ ಒಂದು ಬೆಟ್ಟ ಕಾಣಿಸಿತು, ಅದು ನೀರಿನಿಂದ ಮೇಲೆದ್ದ ಹಾಗಿತ್ತು, ಬೆಟ್ಟಕ್ಕೂ ನೀರಿಗೂ ನಡುವೆ ಬೆಳಕು ಕಂಡಿತು. ನಾವಿಕರು ಇದು ರುಖ್, ನಮ್ಮನ್ನು ನೋಡಿದರೆ ಮುಗೀತು ಅಂತ ಅಳತೊಡಗಿದರು. ಅಷ್ಟರಲ್ಲಿ ಗಾಳಿ ತಿರುಗಿತು, ಹಡಗು ದೂರ ಹೋಯಿತು, ಅದರ ನಿಜವಾದ ಆಕಾರ ನಮಗೆ ಕಾಣಿಸಲೇ ಇಲ್ಲ. ಇಷ್ಟೇ ಅವನು ಹೇಳಿದ್ದು. ಹಕ್ಕಿ ನೋಡಿದೆ ಅನ್ನಲಿಲ್ಲ. ಕಡಲಿನ ಮೇಲೆ ದೂರದ ದ್ವೀಪ ಗಾಳಿಯಲ್ಲಿ ತೇಲುವ ಹಾಗೆ ಕಾಣುವುದನ್ನು ನಮ್ಮ ಕಡೆ ದೋಣಿಗೆ ಹೋಗುವವರು ಯಾರನ್ನು ಕೇಳಿದರೂ ಹೇಳುತ್ತಾರೆ.

ಹಾಂಗ್‌ಝೌನ ಜಾದೂಗಾರನ ಪ್ರಸಂಗವೂ ಹಾಗೇ. ಒಬ್ಬ ಆಟದವನು ಮರದ ಚೆಂಡಿಗೆ ಕಟ್ಟಿದ ಹಗ್ಗವನ್ನು ಮೇಲಕ್ಕೆ ಎಸೆದ. ಅದು ಕಣ್ಣಿಗೆ ಕಾಣದಷ್ಟು ಎತ್ತರ ಹೋಯಿತು. ಒಬ್ಬ ಹುಡುಗ ಹತ್ತಿ ಮಾಯವಾದ. ಕರೆದರೂ ಓಗೊಡಲಿಲ್ಲ. ಆಟದವನು ಚೂರಿ ಹಿಡಿದು ತಾನೂ ಹತ್ತಿದ. ಮೇಲಿಂದ ಹುಡುಗನ ಕೈ, ಕಾಲು, ತಲೆ ಒಂದೊಂದಾಗಿ ಬಿದ್ದವು. ಆಮೇಲೆ ಅವನು ಇಳಿದು ಬಂದು ತುಂಡುಗಳನ್ನು ಜೋಡಿಸಿ ಒದ್ದ, ಹುಡುಗ ಎದ್ದು ನಿಂತ. ಇಬ್ನ್ ಬತೂತನಿಗೆ ಎದೆ ಡವಡವ ಹೊಡೆದುಕೊಂಡು ಔಷಧಿ ಕುಡಿಸಬೇಕಾಯಿತು. ಆದರೆ ಪಕ್ಕದಲ್ಲಿ ಕೂತಿದ್ದ ಖಾಜಿ, ಹತ್ತಲೂ ಇಲ್ಲ ಇಳಿಯಲೂ ಇಲ್ಲ, ಯಾರನ್ನೂ ಕಡಿಯಲೂ ಇಲ್ಲ, ಎಲ್ಲ ಕಣ್ಕಟ್ಟು ಅಂದ. ಆ ಮಾತನ್ನೂ ಅವನೇ ಬರೆಸಿದ್ದಾನೆ. ಸುಳ್ಳು ಹೇಳಲು ಹೊರಟವನು ತನ್ನ ಕಥೆಯನ್ನು ಹೀಗೆ ತಾನೇ ಯಾಕೆ ಕೆಡಿಸಿಕೊಳ್ಳುತ್ತಾನೆ?

ದಿನಚರಿ ಇಲ್ಲ ಅಂದಿರಿ. ಇದ್ದದ್ದು ಹೋದದ್ದು ನಮ್ಮ ಕಡಲಿನಲ್ಲೇ ಇರಬಹುದು. ಹೊನ್ನಾವರಕ್ಕೂ ಇದೇ ಕರಾವಳಿಯ ಫಾಕನೂರ್‌ಗೂ ನಡುವಿನ ಒಂದು ಸಣ್ಣ ದ್ವೀಪದ ಹತ್ತಿರ 12 ಹಡಗುಗಳಲ್ಲಿ ಬಂದ ಕಡಲ್ಗಳ್ಳರು ಅವನನ್ನು ದೋಚಿದರು. ಮುತ್ತು, ರತ್ನ, ಬಟ್ಟೆ ಎಲ್ಲ ಹೋಯಿತು. ಉಳಿದದ್ದು ಮೈಮೇಲಿನ ಚಲ್ಲಣ ಮಾತ್ರ. ಬುಖಾರಾದ ವಿದ್ವಾಂಸರ ಗೋರಿಗಳ ಮೇಲಿದ್ದ ಬರಹವನ್ನು ನಕಲು ಮಾಡಿಕೊಂಡಿದ್ದೆ, ಭಾರತದ ಕಡಲಿನಲ್ಲಿ ದೋಚಿಸಿಕೊಂಡಾಗ ಅದೂ ಹೋಯಿತು ಅಂತ ಬೇರೆ ಕಡೆ ಹೇಳುತ್ತಾನೆ. ಹೊನ್ನಾವರದ ಊಟವನ್ನು ಅವನು ಹದಿಮೂರು ವರ್ಷ ಆದಮೇಲೆ ಬರೀ ನೆನಪಿನಿಂದ ಹೇಳಿರಬೇಕು. ಆದರೂ ಮೊಸರು ಕೊನೆಗೆ ಬಂದದ್ದು ನೆನಪಿತ್ತು.

ಒಂದೇ ಬೇಸರ. ಆ ಉಪ್ಪಿನಕಾಯಿಯಲ್ಲಿ 'ಮೆಣಸು' ಅಂದಿದ್ದಾನೆ. ಮೆಣಸಿನಕಾಯಿ ಪೋರ್ಚುಗೀಸರ ನಂತರ ಬಂದದ್ದಲ್ವಾ? ಅಲ್ಲಿ ಅವನು ತಪ್ಪಿದನೇ?

ಶಿರಸಿ ಕಡೆಯವಳು:

ತಪ್ಪಿಲ್ಲ! ಅದು ಕಾಳುಮೆಣಸು. ನಮ್ಮ ಮನೆಯಲ್ಲಿ ಪ್ರತಿ ವರ್ಷ ಹಾಕುತ್ತೇವೆ. ಬಲಿಯುವ ಮುಂಚೆ ಹಸಿರು ಗೊಂಚಲನ್ನು ಹಾಗೇ ಕೊಯ್ದು, ತೊಟ್ಟು ಬಿಡಿಸದೆ, ಉಪ್ಪುನೀರು ಲಿಂಬೆರಸದಲ್ಲಿ ಮುಳುಗಿಸಿ ಇಡುವುದು. ಕೆಲವು ದಿನ ಹೋದಮೇಲೆ ತೆಗೆದರೆ ಕಾಳು ಮೆತ್ತಗಾಗಿರುತ್ತದೆ. ಗೊಂಚಲನ್ನೇ ಬೆರಳಲ್ಲಿ ಹಿಡಿದು ಹಲ್ಲಿನಿಂದ ಎಳೆದುಕೊಂಡರೆ ಮೊದಲು ಹುಳಿ, ಆಮೇಲೆ ಉಪ್ಪು, ಅದರ ಹಿಂದೆ ನಿಧಾನಕ್ಕೆ ಖಾರ ಏರುತ್ತದೆ. ಮೊಸರನ್ನಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಮೂಲದಲ್ಲಿ ಉಪ್ಪು ಹಾಕಿದ ಮೆಣಸಿನ 'ಗೊಂಚಲು' ಅಂತಲೇ ಇದೆ. ಅವನ ತಟ್ಟೆಯಲ್ಲಿ ಇದ್ದದ್ದು ಇದೇ.

ಮೆಣಸಿನ ಬಗ್ಗೆ ಅವನು ಇನ್ನೊಂದು ಮಾತು ಹೇಳಿದ್ದಾನೆ, ಅದು ನನಗೆ ತುಂಬಾ ಇಷ್ಟ. ನಮ್ಮ ದೇಶದಲ್ಲಿ ಜನ ಮೆಣಸನ್ನು ಬೆಂಕಿಯಲ್ಲಿ ಹುರಿಯುತ್ತಾರೆ, ಅದಕ್ಕೇ ಸುಕ್ಕುಗಟ್ಟುತ್ತದೆ ಅಂದುಕೊಂಡಿದ್ದಾರೆ, ಹಾಗಲ್ಲ, ಬಿಸಿಲಿಗೆ ಒಣಗಿ ಹಾಗಾಗುತ್ತದೆ ಅಂತ. ಬಳ್ಳಿ ದ್ರಾಕ್ಷಿಬಳ್ಳಿಯ ಹಾಗಿರುತ್ತದೆ, ತೆಂಗಿನ ಮರದ ಬುಡಕ್ಕೆ ನೆಟ್ಟು ಹಬ್ಬಿಸುತ್ತಾರೆ ಅಂತಾನೆ. ನಮ್ಮಲ್ಲಿ ಅಡಿಕೆ ಮರಕ್ಕೆ, ಅಷ್ಟೇ ವ್ಯತ್ಯಾಸ. ಕಲ್ಲಿಕೋಟೆಯಲ್ಲಿ ಮೆಣಸನ್ನು, ಅವನ ಊರಲ್ಲಿ ಜೋಳದಂಥ ಧಾನ್ಯವನ್ನು ಅಳೆಯುವ ಹಾಗೆ, ಸುರಿದು ಅಳೆಯುವುದನ್ನು ನೋಡಿದನಂತೆ. ಹಸಿರು ಕಾಳು ಅಂಗಳದ ಬಿಸಿಲಲ್ಲಿ ಕಪ್ಪಗೆ ತಿರುಗುವುದನ್ನು ಚಿಕ್ಕಂದಿನಿಂದ ನೋಡುತ್ತಾ ಬಂದವಳು ನಾನು. ಇದನ್ನು ಸರಿಯಾಗಿ ಹೇಳಿದವನ ಮೇಲೆ ನನಗೆ ಗೌರವ ಇದೆ.

ಕುಡ್ಲದ ಮಗ:

ಮಾರಾಯ್ರೆ, ಹೊನ್ನಾವರದ ಬಗ್ಗೆ ಮಾತ್ರ ಹೇಳಿದ್ರೆ ಹೇಗೆ? ನಮ್ಮ ಮಂಗಳೂರೂ ಇದೆ. 'ಮಂಜರೂರ್' ಅಂತಾನೆ. ದೊಡ್ಡ ಅಳಿವೆ, ಪರ್ಷಿಯಾ ಯೆಮನ್ ವ್ಯಾಪಾರಿಗಳು ಬಂದು ಇಳಿಯುವ ಜಾಗ, ಮೆಣಸು ಶುಂಠಿ ಬೇಕಾದಷ್ಟು. ಸುಮಾರು 4,000 ಮುಸ್ಲಿಮರು ಒಂದು ಕೇರಿಯಲ್ಲಿದ್ದರು. ಊರವರಿಗೂ ಅವರಿಗೂ ಆಗಾಗ ಜಗಳ ಆದಾಗ ರಾಜನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಯಾಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಿತ್ತು. ರಾಜನ ಹೆಸರು ರಾಮದೇವ. ಫಾಕನೂರ್ ಅಂದರೆ ನಮ್ಮ ಬಾರ್ಕೂರು. ಅಲ್ಲಿನ ಕಬ್ಬಿಗೆ ಸಾಟಿ ಇಲ್ಲ ಅಂತಾನೆ. ಅಲ್ಲಿ ಹಾದುಹೋಗುವ ಪ್ರತಿ ಹಡಗೂ ನಿಂತು ರಾಜನಿಗೆ ಕಾಣಿಕೆ ಕೊಡಲೇಬೇಕು. ನಿಲ್ಲದೆ ಹೋದರೆ ಬೆನ್ನಟ್ಟಿ ಹಿಡಿದು ತರುತ್ತಿದ್ದರು.

ಆದರೆ ನಾನು ಹೇಳಬೇಕು ಅಂತ ಬಂದದ್ದು ಬೇರೆ. 1352ರಲ್ಲಿ ಅವನು ಸಹಾರಾ ದಾಟಿ ವಲಾಟಾ ಅನ್ನೋ ಊರಿಗೆ ಹೋಗುತ್ತಾನೆ. ಅಲ್ಲಿನ ಮಸೂಫಾ ಜನರಲ್ಲಿ ಗಂಡಸು ತನ್ನ ಕುಲವನ್ನು ತಂದೆಯಿಂದ ಹೇಳುವುದಿಲ್ಲ, ತಾಯಿಯ ಅಣ್ಣತಮ್ಮಂದಿರಿಂದ ಹೇಳುತ್ತಾನೆ. ಆಸ್ತಿ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಈ ಪದ್ಧತಿಯನ್ನು ಪ್ರಪಂಚದಲ್ಲಿ ಇನ್ನೊಂದೇ ಕಡೆ ಕಂಡೆ, ಅದು ಮಲಬಾರಿನಲ್ಲಿ ಅಂತಾನೆ. ಅವನ ಲೆಕ್ಕದಲ್ಲಿ ಗೋವಾದಿಂದ ಕೊಲ್ಲಂವರೆಗೆ ಎಲ್ಲವೂ ಮಲಬಾರು, ಮಂಗಳೂರೂ ಅದರೊಳಗೇ. ನಮ್ಮ ತುಳುನಾಡಿನ ಅಳಿಯಸಂತಾನ, ಕೇರಳದ ಮರುಮಕ್ಕತ್ತಾಯ ಎರಡೂ ಇದೇ ಅಲ್ವಾ! ನಮ್ಮ ಅಜ್ಜನ ಕಾಲಕ್ಕೂ ಮನೆಯ ಯಜಮಾನಿಕೆ ಮಾವನಿಂದ ಅಳಿಯನಿಗೇ ಬರುತ್ತಿತ್ತು. ಮರುಭೂಮಿಯ ಅಂಚಿನಲ್ಲಿ ನಿಂತು ಹತ್ತು ವರ್ಷದ ಹಿಂದೆ ಕಂಡ ನಮ್ಮ ಕರಾವಳಿಯನ್ನು ನೆನೆದುಕೊಂಡನಲ್ಲ ಈ ಮನುಷ್ಯ. ಪುಸ್ತಕ ನೋಡಿ ನಕಲು ಮಾಡುವವನಿಗೆ ಇದು ಹೊಳೆಯಲಿಕ್ಕಿಲ್ಲ.

ಭಟ್ಕಳದ ಓದುಗಿ:

ಹೊನ್ನಾವರದವರು ಊಟ ಹೇಳಿದರು, ಶಾಲೆ ಬಿಟ್ಟರು. ಅದನ್ನು ನಾನು ಹೇಳುತ್ತೇನೆ. ಆ ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇದನ್ನು ಬೇರೆಲ್ಲೂ ಕಾಣಲಿಲ್ಲ ಅಂತಾರೆ ಅವರು. ಹೆಂಗಸರಿಗೆಲ್ಲ ಕುರಾನ್ ಬಾಯಿಪಾಠ. ಹೊಲಿದ ಬಟ್ಟೆ ಹಾಕುವುದಿಲ್ಲ. ಹೊಲಿಯದ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದದ್ದನ್ನು ಎದೆ, ತಲೆಯ ಮೇಲೆ ಹೊದೆಯುತ್ತಾರೆ. ಮೂಗಿನಲ್ಲಿ ಚಿನ್ನದ ನತ್ತು. ಜನ ಶಾಫಿ ಪಂಥದವರು. ನಮ್ಮ ಕಡೆಯ ನವಾಯತರು ಇವತ್ತಿಗೂ ಶಾಫಿಗಳೇ. ಮೂವತ್ತು ವರ್ಷ ಪ್ರಪಂಚ ಸುತ್ತಿದವರು, ಹೆಣ್ಣುಮಕ್ಕಳ ಶಾಲೆಯನ್ನು ಎಣಿಸಿ ಸಂಖ್ಯೆ ಹೇಳಿದ್ದು ನಮ್ಮ ತೀರದಲ್ಲಿ. ನನ್ನ ಮಗಳಿಗೆ ಇದನ್ನು ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಅವರು ಎಲ್ಲ ಕಡೆ ಹೀಗೆ ಮೆಚ್ಚಿದರು ಅಂತಲ್ಲ. ಮಾಲ್ಡೀವ್ಸ್‌ನಲ್ಲಿ ಖಾಜಿಯಾದಾಗ ಹೆಂಗಸರು ಸೊಂಟದಿಂದ ಮೇಲೆ ಬಟ್ಟೆ ಹಾಕದೆ ಓಡಾಡುವುದನ್ನು ನಿಲ್ಲಿಸಲು ಹೋದರು, ಆಗಲಿಲ್ಲ. ನ್ಯಾಯ ಕೇಳಲು ಬರುವವರು ಮೈ ಮುಚ್ಚಿಕೊಂಡು ಬರಬೇಕು ಅಂತ ಮಾಡಿದ್ದಷ್ಟೇ ನನ್ನಿಂದಾದದ್ದು ಅಂತ ಒಪ್ಪಿಕೊಂಡಿದ್ದಾರೆ. ಆ ದ್ವೀಪಗಳನ್ನು ಆಗ ಆಳುತ್ತಿದ್ದದ್ದು ಖದೀಜಾ ಅನ್ನೋ ರಾಣಿ. ವಲಾಟಾದಲ್ಲಿ ಖಾಜಿಯ ಮನೆಗೆ ಹೋದರೆ ಅಲ್ಲಿ ಒಬ್ಬ ಚಂದದ ತರುಣಿ ಕೂತಿದ್ದಳು. ಇವರು ಹಿಂದಕ್ಕೆ ಹೊರಟರೆ ಅವಳು ನಕ್ಕಳು. ಖಾಜಿ, ಯಾಕೆ ಹೋಗುತ್ತೀರಿ, ಇವಳು ನನ್ನ ಗೆಳತಿ ಅಂದ. ಇವರಿಗೆ ಅದು ಸಹಿಸಲಿಲ್ಲ. ನನಗೆ ಅವರ ಎಷ್ಟೋ ಅಭಿಪ್ರಾಯಗಳು ಹಿಡಿಸುವುದಿಲ್ಲ. ಆದರೆ ತಮಗೆ ಹಿಡಿಸದ್ದನ್ನೂ, ತಮ್ಮ ಮಾತು ನಡೆಯದ್ದನ್ನೂ ಮುಚ್ಚಿಡದೆ ಹೇಳಿದ್ದಾರೆ. ಅದಕ್ಕೇ ಆ 13 ಶಾಲೆಗಳನ್ನು ನಾನು ನಂಬುತ್ತೇನೆ.

ಹಳೇ ನಕ್ಷೆ:

ಓದುಗಿ ಅವರೇ, ಇದು ಒಳ್ಳೆಯ ಮಾತು. ಹಾಗಾದರೆ ನಾನೂ ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ನಾನು ಬ್ಯಾಂಕಿನಲ್ಲಿದ್ದವನು, ಹಾಗಾಗಿ ಕಣ್ಣು ಹೋಗುವುದು ಬೆಲೆಗಳ ಕಡೆಗೆ. ಅವನ ಬೆಲೆಗಳು ನನಗೆ ಅವನ ಬೆರಗಿಗಿಂತ ದೊಡ್ಡ ಬೆರಗು.

ಮಾಲ್ಡೀವ್ಸ್‌ನಲ್ಲಿ ದುಡ್ಡು ಅಂದರೆ ಕವಡೆ. ಕಡಲಿನಿಂದ ಆರಿಸಿ, ದಂಡೆಯ ಗುಂಡಿಯಲ್ಲಿ ಹಾಕಿ, ಮಾಂಸ ಕೊಳೆತು ಬಿಳೀ ಚಿಪ್ಪು ಉಳಿದ ಮೇಲೆ ಎಣಿಸುತ್ತಾರೆ. ಅಲ್ಲಿ ಒಂದು ಚಿನ್ನದ ದೀನಾರಿಗೆ 4 ಲಕ್ಷ ಕವಡೆ. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಾರೆ. ಯೆಮನ್‌ನವರು ಹಡಗಿನ ಭಾರಕ್ಕೆ ಮರಳಿನ ಬದಲು ಕವಡೆಯನ್ನೇ ತುಂಬಿಕೊಂಡು ಹೋಗುತ್ತಾರೆ. ಆಮೇಲೆ ಅವನೇ ಪಶ್ಚಿಮ ಆಫ್ರಿಕಾದ ಮಾಲಿಗೆ ಹೋದಾಗ ಅದೇ ಕವಡೆ ಒಂದು ದೀನಾರಿಗೆ 1,150ರಂತೆ ಮಾರಾಟವಾಗುವುದನ್ನು ನೋಡಿದ. ಲೆಕ್ಕ ಹಾಕಿ, ಸುಮಾರು 350 ಪಟ್ಟು! ನಮ್ಮಲ್ಲಿ ಚೌಕಾಬಾರ ಆಡುವ ಕವಡೆ, 'ಕವಡೆ ಕಾಸಿನ ಬೆಲೆ ಇಲ್ಲ' ಅಂತ ಬೈಯುವ ಕವಡೆ. ಹಿಂದೂ ಮಹಾಸಾಗರದಿಂದ ಸಹಾರಾದ ಆಚೆಯವರೆಗೆ ಅದು ಓಡಾಡಿದೆ, ಅದರ ಎರಡು ತುದಿಯಲ್ಲೂ ನಿಂತು ಬೆಲೆ ಕೇಳಿದವನು ಈತ.

ಉಪ್ಪಿನದ್ದೂ ಹಾಗೇ. ಮರುಭೂಮಿಯ ನಡುವೆ ತಘಾಝಾ ಅನ್ನೋ ಹಳ್ಳಿ. ಮನೆ, ಮಸೀದಿ ಎಲ್ಲ ಉಪ್ಪಿನ ಗಟ್ಟಿಯಿಂದ ಕಟ್ಟಿದ್ದು, ಮೇಲೆ ಒಂಟೆ ಚರ್ಮದ ಮಾಡು. ಒಂದು ಮರ ಇಲ್ಲ. ಉಪ್ಪು ಅಗೆಯುವ ಗುಲಾಮರು ಬಿಟ್ಟರೆ ಬೇರೆ ಯಾರೂ ವಾಸವಿಲ್ಲ. ಅಲ್ಲಿಂದ ಹೊರಟ ಒಂದು ಒಂಟೆ ಹೊರೆ ಉಪ್ಪಿಗೆ ವಲಾಟಾದಲ್ಲಿ 8ರಿಂದ 10 ಮಿಸ್ಕಾಲ್ (ಆಗ ಚಿನ್ನ ತೂಗುತ್ತಿದ್ದ ಅಳತೆ) ಚಿನ್ನ, ಮಾಲಿ ನಗರಕ್ಕೆ ಹೋದರೆ 20ರಿಂದ 30, ಕೆಲವು ಸಲ 40. ಉಪ್ಪನ್ನು ತುಂಡು ಮಾಡಿ ದುಡ್ಡಿನ ಹಾಗೆ ಬಳಸುತ್ತಿದ್ದರು. ಬುಲ್ಗಾರಿನ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಆದರೆ ಈ ಬೆಲೆಗಳನ್ನು ಸಂತೆಯಲ್ಲಿ ಕೇಳಿಯೇ ಬರೆಸಿರಬೇಕು.

ಕುಡ್ಲದ ಮಗ:

ಮಾಲಿಯಲ್ಲಿ ಒಂದು ದೊಡ್ಡ ಮರದ ಪೊಟರೆಯಲ್ಲಿ ನೇಕಾರ ಮಗ್ಗ ಹಾಕಿಕೊಂಡು ಬಟ್ಟೆ ನೇಯುತ್ತಿದ್ದದ್ದನ್ನು ನೋಡಿ ಬೆರಗಾದದ್ದು ಬಿಟ್ಟುಬಿಟ್ರಲ್ಲ! ಬಾವೊಬಾಬ್ ಮರ ಇರಬೇಕು. ನೈಜರ್ ನದಿಯಲ್ಲಿ ನೀರಾನೆಗಳನ್ನು ಕಂಡು ಮೊದಲು ಆನೆ ಅಂದುಕೊಂಡನಂತೆ. ಭಾರತದಲ್ಲಿ ಅಷ್ಟು ಆನೆ ನೋಡಿದವನಿಗೂ.

ಶರಾವತಿ ತೀರ:

ಅವನ ಕಾಲದಲ್ಲೇ ಅವನನ್ನು ನಂಬದವರಿದ್ದರು. ಇಬ್ನ್ ಖಲ್ದೂನ್ ಅನ್ನೋ ದೊಡ್ಡ ಇತಿಹಾಸಕಾರ ಅದನ್ನು ಬರೆದಿದ್ದಾನೆ. ದೆಹಲಿ ಸುಲ್ತಾನನ ಸಂಪತ್ತಿನ ಮಾತು ಕೇಳಿ ಊರವರು ಸುಳ್ಳು ಅಂತ ಪಿಸುಗುಟ್ಟುತ್ತಿದ್ದರು. ತನಗೂ ಅನುಮಾನ ಬಂದು ಒಬ್ಬ ವಜೀರನ ಹತ್ತಿರ ಹೇಳಿಕೊಂಡ. ಆ ವಜೀರ ಒಂದು ಕಥೆ ಹೇಳಿದ. ಒಬ್ಬ ಮಂತ್ರಿಯನ್ನು ಮಗನ ಸಮೇತ ಜೈಲಿಗೆ ಹಾಕಿದ್ದರು. ಮಗ ಅಲ್ಲೇ ಬೆಳೆದ. ತಾನು ತಿನ್ನುತ್ತಿರುವ ಮಾಂಸ ಯಾವುದರದ್ದು ಅಂತ ಕೇಳಿದ. ಕುರಿಯದ್ದು ಅಂದ ತಂದೆ, ಕುರಿ ಹೇಗಿರುತ್ತದೆ ಅಂತ ಬಿಡಿಸಿ ಹೇಳಿದ. ಹಾಗಾದರೆ ಇಲಿಯ ಹಾಗಿರುತ್ತಾ ಅಂತ ಕೇಳಿದ ಮಗ. ದನ, ಒಂಟೆ ಅಂದಾಗಲೂ ಅದೇ ಪ್ರಶ್ನೆ. ಜೈಲಿನಲ್ಲಿ ಅವನು ಕಂಡಿದ್ದ ಪ್ರಾಣಿ ಇಲಿ ಒಂದೇ.

ಇಷ್ಟು ಮಾತಾದ ಮೇಲೆ ನನ್ನ ಪ್ರಶ್ನೆಗೆ ನನಗೇ ಉತ್ತರ ಸಿಕ್ಕಿತು. ಅವನು ತಿಂದದ್ದು, ಕೊಂಡದ್ದು, ಕಳೆದುಕೊಂಡದ್ದು, ಅವಮಾನ ಪಟ್ಟದ್ದು, ಅಲ್ಲೆಲ್ಲ ನಾನು ಅವನ ಜೊತೆ ಕಣ್ಣುಮುಚ್ಚಿ ಹೋಗುತ್ತೇನೆ. ಮಾಲಿಯ ರಾಜ ಮನ್ಸಾ ಸುಲೈಮಾನ್ ಉಡುಗೊರೆ ಕಳಿಸಿದ್ದಾನೆ ಅಂತ ಜನ ಓಡಿ ಬಂದು ಹೇಳಿದಾಗ ಇವನು ಎದ್ದು ನಿಂತ, ಬಟ್ಟೆ ಹಣ ಅಂದುಕೊಂಡಿದ್ದ. ಬಂದದ್ದು ಮೂರು ರೊಟ್ಟಿ, ಎಣ್ಣೆಯಲ್ಲಿ ಕರಿದ ಒಂದು ತುಂಡು ದನದ ಮಾಂಸ, ಸೋರೆಬುರುಡೆಯಲ್ಲಿ ಮೊಸರು. ಇಂಥದ್ದನ್ನು ಯಾರೂ ಹೆಮ್ಮೆಗೆ ಹೇಳಿಕೊಳ್ಳುವುದಿಲ್ಲ. ಅದೇ ದೇಶದಲ್ಲಿ ಕಳ್ಳರ ಭಯವಿಲ್ಲ, ಜನ ಅನ್ಯಾಯ ಸಹಿಸುವುದಿಲ್ಲ ಅಂತ ಹೊಗಳಿದವನೂ ಇವನೇ.

ಇನ್ನೊಂದು. ಮಳೆ ಬಂದರೆ ನಾಲ್ಕು ತಿಂಗಳು ಹೊನ್ನಾವರದ ಅಳಿವೆಯಲ್ಲಿ ಮೀನು ಹಿಡಿಯುವುದಕ್ಕೆ ಬಿಟ್ಟು ಬೇರೆ ಯಾರೂ ಇಳಿಯುವುದಿಲ್ಲ ಅಂತಾನೆ. ಶರಾವತಿ ಕಡಲು ಸೇರುವ ಆ ಬಾಯಿಯಲ್ಲಿ ಆಷಾಢದ ಅಲೆ ನೋಡಿದವರಿಗೆ ಇದಕ್ಕೆ ಸಾಕ್ಷಿ ಬೇಡ. ಜಮಾಲುದ್ದೀನ್ ಹರ್ಯಬ್ ಅನ್ನೋ ರಾಜನ ಅಧೀನದಲ್ಲಿದ್ದ ಅಂತಲೂ ಇದೆ. ವಿಜಯನಗರದ ಒಂದನೇ ಹರಿಹರ ಅಂತ ಇತಿಹಾಸಕಾರರು ಗುರುತಿಸುತ್ತಾರೆ. ಅಂದರೆ ವಿಜಯನಗರ ಕಣ್ಣುಬಿಡುತ್ತಿದ್ದ ಕಾಲದ ಕರಾವಳಿಯನ್ನು ಇವನು ನೋಡಿದ್ದಾನೆ.

ಶಿರಸಿ ಕಡೆಯವಳು:

ಅನ್ನ ತಿಂದು ತಿಂದು ಸಾಕಾಗಿತ್ತು ಅಂತ ಎಲ್ಲೋ ಓದಿದ ನೆನಪು?

ಶರಾವತಿ ತೀರ:

ಹೌದಕ್ಕ. ಇನ್ನೊಂದು ಸಲ ಬಂದಾಗ ಇದೇ ಸುಲ್ತಾನನ ಹತ್ತಿರ 11 ತಿಂಗಳು ಇದ್ದು ರೊಟ್ಟಿಯ ಮುಖ ನೋಡಲಿಲ್ಲ. ಮಾಲ್ಡೀವ್ಸ್, ಸಿಂಹಳ, ಮಲಬಾರು ಎಲ್ಲ ಸೇರಿ ಮೂರು ವರ್ಷ ಬರೀ ಅನ್ನ. ಕೊನೆಗೆ ನೀರು ಕುಡಿಯದೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ.

ನಿನ್ನೆ ರಾತ್ರಿ ಅಮ್ಮನಿಗೆ ಆ ಊಟದ ಭಾಗವನ್ನು ಓದಿ ಹೇಳಿದೆ. ಪೂರ್ತಿ ಕೇಳಿ, "ಮಾವಿನ ಉಪ್ಪಿನಕಾಯಿ ಅಂದೆಯಲ್ಲ, ಹೋಳೋ ಮಿಡಿಯೋ?" ಅಂದರು. ಹೊನ್ನಾವರದ ಭಾಗದಲ್ಲಿ ಅದಿಲ್ಲ. ಹಿಂದಿನ ಪುಟಗಳನ್ನು ತಿರುಗಿಸಿ ಹುಡುಕಿದೆ. ಭಾರತದ ಹಣ್ಣುಗಳ ಬಗ್ಗೆ ಹೇಳುವಲ್ಲಿ ಸಿಕ್ಕಿತು: ಹಣ್ಣಾಗುವ ಮುಂಚೆ ಉದುರಿದ ಕಾಯಿಗಳನ್ನು ಆರಿಸಿ, ನಮ್ಮಲ್ಲಿ ನಿಂಬೆಗೆ ಮಾಡುವ ಹಾಗೆ ಉಪ್ಪು ಹಾಕಿ ಇಡುತ್ತಾರೆ ಅಂತ.

"ಹಾಗಾದ್ರೆ ಮಿಡಿಯೇ" ಅಂದರು ಅಮ್ಮ. ಎದ್ದು ಹೋಗಿ ಭರಣಿಯ ಬಟ್ಟೆ ಬಿಚ್ಚಿ, ನನ್ನ ತಟ್ಟೆಗೆ ಎರಡು ಅಪ್ಪೆಮಿಡಿ ಹಾಕಿದರು.